ಗಂಟೆಗೆ ಅರ್ಧ ಮಿಲಿ ಎಣ್ಣೆ

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ರಕ್ತನಾಳಕ್ಕೆ ಐಸಿಯುನಲ್ಲಿ ಹಾಕುವ ಆ ಬಿಳಿ ಸಿರಿಂಜಿನಲ್ಲಿ ಇರುವುದು ಹಾಲಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಳೆದ ಕೆಲವು ವಾರಗಳಿಂದ ಇದೊಂದು ಮಾತನ್ನು ಫೋನಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಬರೆದಿಟ್ಟರೆ ಮುಂದಿನವರಿಗೆ ಕಳಿಸಬಹುದು.

ವಿಷಯ ಇಷ್ಟು. ನಮ್ಮ ಕೇರಿಯ ಒಬ್ಬ ಹುಡುಗಿ. ತವರು ಶಿರಸಿ ಹತ್ತಿರದ ಅಡಿಕೆ ತೋಟದ ಹಳ್ಳಿ, ಮದುವೆಯಾಗಿ ಕುಮಟಾಕ್ಕೆ ಬಂದವಳು. ಏಳನೇ ತಿಂಗಳಲ್ಲಿ ಕಾಲು ಬಾತು, ಬಿಪಿ ಮೇಲೇರಿ ಇಳಿಯಲೇ ಇಲ್ಲ. ಸಿಸೇರಿಯನ್ ಮಾಡಿ ಮಗು ತೆಗೆದರು. 29 ವಾರದ ಹೆಣ್ಣುಮಗು, ತೂಕ 1,050 ಗ್ರಾಂ. ಇಷ್ಟು ಸಣ್ಣ ಮಗು ಹುಟ್ಟುತ್ತದೆ ಎಂದು ಮೊದಲೇ ಗೊತ್ತಾದರೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ದೊಡ್ಡ ಊರು ಸೇರಿಸುವುದು ಮೇಲು, ಆದರೆ ಅವಳ ಬಿಪಿ ಅಷ್ಟು ಸಮಯ ಕೊಡಲಿಲ್ಲ. ಹಾಗಾಗಿ ಅದೇ ರಾತ್ರಿ ಮಗು ಆಂಬುಲೆನ್ಸಿನಲ್ಲಿ ಮಂಗಳೂರಿಗೆ, ಜೊತೆಗೆ ಅಪ್ಪ. ತಾಯಿ ಇಲ್ಲೇ, ಹೊಲಿಗೆ ಮತ್ತು ಬಿಪಿ ಮಾತ್ರೆಗಳ ಜೊತೆ. ಮಾರನೆಯ ದಿನ ಹುಡುಗಿಯ ಅಮ್ಮ ದೇವಿಮನೆ ಘಟ್ಟ ಇಳಿದು ಬಂದು, ಮಗಳ ಮುಖ ನೋಡಿ, ಅಲ್ಲಿಂದ ಸೀದಾ ಮಂಗಳೂರಿಗೆ ಹೋಗಿ ಐಸಿಯು ಗಾಜಿನ ಮುಂದೆ ನಿಂತರು. ಸಂಜೆ ನನಗೆ ಫೋನು.

“ತಂಗೀ, ಕೂಸಿಗೆ ಬಾಯಿಗೆ ಒಂದು ಹನಿ ಕೊಡಲಿಲ್ಲ. ಹಾಲು ತಗೊಂಡು ಹೋಗಿ ನರಕ್ಕೆ ಹಾಕ್ತಾ ಇದ್ದಾರೆ. ಎಂತ ಕಾಲ ಬಂತು ಇದು?”

ನಾನು ಮಂಗಳೂರಿನಲ್ಲೇ ನವಜಾತ ಶಿಶುಗಳ ಐಸಿಯುನಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಊರಿಗೆ ಮರಳಿದ ಮೇಲೂ ಕೇರಿಯವರಿಗೆ ನಾನು ಸಿಸ್ಟರಕ್ಕನೇ. ಯಾರದ್ದಾದರೂ ಸಕ್ಕರೆ ಏರಿದರೆ, ಚೇಳು ಕಚ್ಚಿದರೆ, ಕೊನೆಗೆ ಎಮ್ಮೆ ಕರು ಹಾಲು ಕುಡಿಯದಿದ್ದರೂ ನನ್ನ ಬಾಗಿಲು ತಟ್ಟುತ್ತಾರೆ. ಆದರೆ ಅಮ್ಮಮ್ಮ ಕೇಳಿದ ಪ್ರಶ್ನೆ ನನ್ನ ಸ್ವಂತ ಕೆಲಸದ್ದು. ಗಾಜಿನ ಹೊರಗೆ ನಿಂತ ಎಷ್ಟೋ ಅಜ್ಜಿಯರು ಇದನ್ನೇ ಕೇಳಿದ್ದಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ, ನೋಡಲು ಅದು ಥೇಟ್ ಹಾಲೇ.

ಬಿಳಿಯದ್ದು ಎಣ್ಣೆ. ಹೆಚ್ಚಾಗಿ ಸೋಯಾ ಎಣ್ಣೆ. ಈಚೆಗೆ ಆಲಿವ್ ಎಣ್ಣೆ, ಮೀನೆಣ್ಣೆ, ತೆಂಗಿನಲ್ಲಿರುವಂಥ ಬೇಗ ಜೀರ್ಣವಾಗುವ ಕೊಬ್ಬು ಸೇರಿಸಿದ ಮಿಶ್ರಣವೂ ಬಂದಿದೆ. ಬರೀ ಎಣ್ಣೆ ರಕ್ತನಾಳಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅದಕ್ಕೇ ಅದನ್ನು ಅರ್ಧ ಮೈಕ್ರಾನಿಗಿಂತ ಚಿಕ್ಕ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಿರುತ್ತಾರೆ. ಹಾಗೆ ಒಡೆದಾಗ ಬಣ್ಣ ಬೆಳ್ಳಗಾಗುತ್ತದೆ. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಎಂಬಾತ 1960ರ ದಶಕದ ಆರಂಭದಲ್ಲಿ ಇದನ್ನು ಸುರಕ್ಷಿತವಾಗಿ ಮಾಡುವ ದಾರಿ ಕಂಡುಹಿಡಿದ. ಅದರ ಹೆಸರು ಇಂಟ್ರಾಲಿಪಿಡ್. ಈಗಲೂ ಅದೇ ಹೆಸರಿನಲ್ಲಿ ಸಿಗುತ್ತದೆ.

ಹನಿಗಳು ಮತ್ತೆ ಒಂದಾಗದಂತೆ ಹಿಡಿದಿಡಲು ಅವನು ಬಳಸಿದ್ದು ಮೊಟ್ಟೆಯ ಹಳದಿಯಿಂದ ತೆಗೆದ ಫಾಸ್ಫೊಲಿಪಿಡ್ ಎಂಬ ಕೊಬ್ಬು. ಇದನ್ನು ಅಮ್ಮಮ್ಮನಿಗೆ ಹೇಳುವುದೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅಳಿಯ ಮಹಾಶಯ ಮೊಬೈಲಿನಲ್ಲಿ ಹುಡುಕಿ ಅತ್ತೆಗೆ ಓದಿ ಹೇಳಿಬಿಟ್ಟಿದ್ದ. ಮತ್ತೆ ಫೋನು. “ಮೊಟ್ಟೆ ಇದ್ಯಂತೆ, ನಿಜವಾ?” ಹೌದು ಎಂದೆ. ಕೇಳಿದವರಿಗೆ ಇದ್ದದ್ದು ಇದ್ದಹಾಗೆ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಮುಚ್ಚಿಟ್ಟರೆ ನಾಳೆ ಮುಖ್ಯವಾದ ಮಾತು ಹೇಳಿದಾಗಲೂ ನಂಬುವುದಿಲ್ಲ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮದ್ದು ಅಂದ್ಮೇಲೆ ನಡೀತದೆ ಬಿಡು. ಮನೇಲಿ ಇವರ ಹತ್ರ ಮಾತ್ರ ಹೇಳ್ಬೇಡ.”

ಇನ್ನು ಪಕ್ಕದಲ್ಲಿ ನೇತಾಡುವ ಹಳದಿ ಬಣ್ಣದ್ದು. ಅದನ್ನು ಎಲ್ಲರೂ “ಗ್ಲೂಕೋಸ್ ಬಾಟ್ಲಿ” ಎಂದು ಸುಮ್ಮನಾಗುತ್ತಾರೆ. ಗ್ಲೂಕೋಸ್ ಇರುವುದು ಹೌದು, ಆದರೆ ಗ್ಲೂಕೋಸ್ ಒಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ನೋಡಿ. ಒಂದು ಕೆಜಿ ಮಗುವಿಗೆ ಮೊದಲ ದಿನ ಕೊಡುವ ದ್ರವ ಸುಮಾರು 80 ಮಿಲಿ. ಅದಷ್ಟೂ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸಿಗೇ ಇನ್ನೊಂದು ಹೆಸರು) ಎಂದಿಟ್ಟುಕೊಳ್ಳಿ, 8 ಗ್ರಾಂ ಸಕ್ಕರೆ ಆಯಿತು. ಗ್ರಾಮಿಗೆ 3.4 ಕ್ಯಾಲೊರಿ, ಒಟ್ಟು 27. ಸುಮ್ಮನೆ ಬೆಚ್ಚಗೆ ಮಲಗಿ ಉಸಿರಾಡಿಕೊಂಡಿರಲಿಕ್ಕೇ ಆ ಮಗುವಿಗೆ 45-50 ಬೇಕು. ಬೆಳೆಯಬೇಕೆಂದರೆ ನೂರರ ಹತ್ತಿರ ಬೇಕು. ಪ್ರೋಟೀನ್ ಅಂತೂ ಸೊನ್ನೆ. ಹೊರಗಿನಿಂದ ಬರದಿದ್ದರೆ ಮಗು ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ, ಕೆಜಿಗೆ ದಿನಕ್ಕೆ ಒಂದು ಗ್ರಾಮಿನ ಆಸುಪಾಸು. ನಮ್ಮ ನಿಮ್ಮ ಹಾಗೆ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡು ಬಂದಿರುವುದಿಲ್ಲ ಅದು. ಒಂದು ಕೆಜಿ ಮಗುವನ್ನು ಉಪವಾಸ ಇಟ್ಟರೆ ಅದರ ದಾಸ್ತಾನು ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ತಾಯಿಯ ಹೊಟ್ಟೆಯಲ್ಲೇ ಇದ್ದಿದ್ದರೆ ಇದೇ ಹೊತ್ತಿಗೆ ಕೆಜಿಗೆ ದಿನಕ್ಕೆ 15 ಗ್ರಾಮಿನಷ್ಟು ತೂಕ ಕೂಡುತ್ತಾ ಇರುತ್ತಿತ್ತು.

ಹಾಗಾಗಿ ಆ ಹಳದಿ ಚೀಲದಲ್ಲಿ ಮೊದಲ ದಿನದಿಂದಲೇ ಅಮೈನೊ ಆಮ್ಲ ಸೇರಿರುತ್ತದೆ. ಪ್ರೋಟೀನನ್ನು ಜೀರ್ಣವಾದ ರೂಪದಲ್ಲೇ ಕೊಟ್ಟಹಾಗೆ. ಅದನ್ನು ಏರಿಸುತ್ತಾ ಕೆಜಿಗೆ ಮೂರೂವರೆ ಗ್ರಾಮಿನವರೆಗೆ ಒಯ್ಯುತ್ತಾರೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಸತು, ಇನ್ನೂ ಸೂಕ್ಷ್ಮ ಪ್ರಮಾಣದಲ್ಲಿ ತಾಮ್ರ, ಸೆಲೆನಿಯಂ. ಹಳದಿ ಬಣ್ಣ ಬರುವುದು ವಿಟಮಿನ್ನಿನಿಂದ. ಬಿಳಿ ಎಣ್ಣೆ ಕೆಜಿಗೆ ಒಂದೆರಡು ಗ್ರಾಮಿನಿಂದ ಶುರುವಾಗಿ ಮೂರಕ್ಕೆ ಬರುತ್ತದೆ. 20 ಪರ್ಸೆಂಟ್ ಎಣ್ಣೆಯಲ್ಲಿ ಮೂರು ಗ್ರಾಂ ಅಂದರೆ 15 ಮಿಲಿ. ಅದನ್ನು ಇಡೀ 24 ಗಂಟೆಗೆ ಹಂಚಿದರೆ ಗಂಟೆಗೆ ಅರ್ಧ ಮಿಲಿಗಿಂತ ಚೂರು ಹೆಚ್ಚು. ಪಂಪಿನ ಮುಂದೆ ಕೂತು ನೋಡಿದರೂ ಸಿರಿಂಜಿನ ದಂಡ ಸರಿದದ್ದು ಕಾಣುವುದಿಲ್ಲ. ದೀಪಕ್ಕೆ ಹಾಕಿದ ಎಣ್ಣೆ ಇದಕ್ಕಿಂತ ಬೇಗ ಮುಗಿಯುತ್ತದೆ.

ಬೆರೆಸುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದರೆ “ಬಾಟ್ಲಿ ಹಾಕಿದಾರೆ” ಎನ್ನುವ ಮಾತು ಬಾಯಲ್ಲಿ ಬರುವುದಿಲ್ಲ. ಬೆಳಿಗ್ಗೆ ಮಗುವಿನ ತೂಕ, ಮೂತ್ರ, ಹಿಮ್ಮಡಿ ಚುಚ್ಚಿ ತೆಗೆದ ಸಕ್ಕರೆ, ರಕ್ತದ ಸೋಡಿಯಂ ಎಲ್ಲ ನೋಡಿ ಡಾಕ್ಟರು ಆವತ್ತಿನ ಲೆಕ್ಕ ಬರೆಯುತ್ತಾರೆ. ಇವತ್ತಿನದು ನಾಳೆಗೆ ನಡೆಯುವುದಿಲ್ಲ. ಸಕ್ಕರೆಯನ್ನಂತೂ ಕೆಜಿಗೆ ನಿಮಿಷಕ್ಕೆ ಎಷ್ಟು ಮಿಲಿಗ್ರಾಂ ಎಂದು ಎಣಿಸುತ್ತಾರೆ. ಶುರುವಿಗೆ ನಾಲ್ಕರಿಂದ ಎಂಟು. ಗಾಳಿ ಸೋಸಿ ಬಿಡುವ ಹುಡ್ಡಿನ ಕೆಳಗೆ, ಗೌನು, ಮಾಸ್ಕು, ಗ್ಲೌಸು ಹಾಕಿ, ಇಬ್ಬರು ನಿಲ್ಲಬೇಕು: ಒಬ್ಬರು ಎಳೆದರೆ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಕ್ಯಾಲ್ಸಿಯಂ ಮತ್ತು ರಂಜಕವನ್ನು ಒಂದರ ಹಿಂದೆ ಒಂದು ಹಾಕುವಂತಿಲ್ಲ, ನಡುವೆ ಬೇರೆಯದು ಬರಬೇಕು. ಹದ ತಪ್ಪಿದರೆ ಎರಡೂ ಸೇರಿ ಸುಣ್ಣದ ಪುಡಿ ಕಟ್ಟಿ ತಳಕ್ಕೆ ಇಳಿಯುತ್ತದೆ. ನನ್ನ ಜೊತೆಗಿದ್ದ ಕೇರಳದ ಒಬ್ಬ ಸಿಸ್ಟರ್ ಎಣ್ಣೆ ಸೇರದ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡದೆ ಯಾವತ್ತೂ ಮುಂದೆ ಕೊಟ್ಟವಳಲ್ಲ. ಆಮೇಲೆ ಅದೇ ಚೀಲಕ್ಕೆ ಬೆಳಕು ತಾಗದಂತೆ ಹೊದಿಕೆ. ಬೆಳಕು ಬಿದ್ದರೆ ವಿಟಮಿನ್ ಹಾಳಾಗುತ್ತದೆ, ಪೆರಾಕ್ಸೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆ. ಗಾಜಿನ ಹೊರಗೆ ನಿಂತವರಿಗೆ ಆ ಬೆಳ್ಳಿ ಕಾಗದ ಕಂಡು “ಏನೋ ಮುಚ್ಚಿಡ್ತಾ ಇದ್ದಾರೆ” ಅನಿಸುವುದೂ ಉಂಟು.

ಇಷ್ಟೆಲ್ಲ ಆಗಿ ಅದು ಒಳಗೆ ಹೋಗುವುದು ಎಲ್ಲಿಂದ? ಕೈಯ ಸಣ್ಣ ರಕ್ತನಾಳಕ್ಕೆ 12.5 ಪರ್ಸೆಂಟಿಗಿಂತ ಗಟ್ಟಿ ಡೆಕ್ಸ್‌ಟ್ರೋಸ್ ತಡೆಯುವುದಿಲ್ಲ. ನಾಳ ಉರಿದು, ಹೊರಗೆ ಸೋರಿ, ಚರ್ಮ ಸುಟ್ಟಹಾಗೆ ಕಪ್ಪಾಗುತ್ತದೆ. ಮೊದಲ ಕೆಲವು ದಿನ ಹೊಕ್ಕುಳ ಬಳ್ಳಿಯ ನಾಳ ಸಿಗುತ್ತದೆ. ಆಮೇಲೆ ಪಿಕ್ ಲೈನ್: ತೋಳಿನಿಂದಲೋ ಕಾಲಿನಿಂದಲೋ ದಾರದಷ್ಟು ತೆಳು ಕೊಳವೆ ತೂರಿಸಿ ತುದಿಯನ್ನು ಹೃದಯದ ಬಾಗಿಲಿನ ದೊಡ್ಡ ನಾಳಕ್ಕೆ ಮುಟ್ಟಿಸುತ್ತಾರೆ. ಅಲ್ಲಿ ರಕ್ತದ ಹರಿವು ಜೋರು, ಎಷ್ಟೇ ಗಟ್ಟಿ ಸಕ್ಕರೆಯಾದರೂ ಕೂಡಲೇ ತಿಳಿಯಾಗುತ್ತದೆ.

ಈ ಉಪಾಯ ಹೊಳೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಸ್ಟ್ಯಾನ್ಲಿ ಡಡ್ರಿಕ್ ಎಂಬ ಹುಡುಗ ಸರ್ಜನ್, ಆಪರೇಷನ್ ಸರಿಯಾಗಿ ಆದ ರೋಗಿಗಳೂ ಊಟ ಸೇರದೆ ಸಾಯುವುದನ್ನು ನೋಡಿ ತಲೆ ಕೆಡಿಸಿಕೊಂಡಿದ್ದ. ಬೀಗಲ್ ನಾಯಿಮರಿಗಳಿಗೆ ತಿಂಗಳುಗಟ್ಟಲೆ ರಕ್ತನಾಳದಿಂದ ಮಾತ್ರ ಆಹಾರ ಕೊಟ್ಟು, ತಿಂದುಂಡು ಬೆಳೆದ ಮರಿಗಳ ಸಮಕ್ಕೆ ಬೆಳೆಸಿ ತೋರಿಸಿದ. 1967ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಗೆ ಸಣ್ಣ ಕರುಳು ಬಹುಪಾಲು ಇಲ್ಲದ ಹೆಣ್ಣುಮಗುವೊಂದು ಬಂತು. ಡಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್ ಅದರ ಕುತ್ತಿಗೆಯ ನಾಳದಿಂದ ಕೊಳವೆ ಇಳಿಸಿ ಊಟ ಹಾಕಿದರು. ಸೊರಗಿ ಹೋಗಿದ್ದ ಮಗು ತೂಕ ಹಿಡಿಯಿತು, ತಲೆ ಬೆಳೆಯಿತು. 1968ರಲ್ಲಿ ಅವರು ಅದನ್ನು ಪ್ರಕಟಿಸಿದಾಗ ಬಾಯಿಗೆ ಏನೂ ಹೋಗದೆ ಮಗು ಬೆಳೆಯಬಲ್ಲದು ಎಂದು ಜಗತ್ತಿಗೆ ಗೊತ್ತಾಯಿತು. ಆ ಮಗು ಸುಮಾರು 22 ತಿಂಗಳು ಬದುಕಿತು, ಅಷ್ಟೇ. ನರ್ಸಿಂಗ್ ಓದುವಾಗ ಈ ಕತೆಯ ಮೊದಲರ್ಧ ಮಾತ್ರ ಹೇಳಿಕೊಟ್ಟಿದ್ದರು.

ಎರಡನೇ ಅರ್ಧ ನಾನು ಕೆಲಸದಲ್ಲಿ ಕಲಿತದ್ದು. ಈ ಊಟ ಶುರು ಮಾಡುವುದಕ್ಕಿಂತ ಬಿಡಿಸುವುದು ಕಷ್ಟ, ಅದೇ ಮುಖ್ಯ. ಅಂಕೋಲೆ ಕಡೆಯ ಒಂದು ಮಗು ಇತ್ತು. ಕರುಳು ಕೊಳೆತು ಹೆಚ್ಚಿನ ಭಾಗ ಕತ್ತರಿಸಿ ತೆಗೆದಿದ್ದರು. ವಾರಗಳು ತಿಂಗಳಾದವು, ರಕ್ತನಾಳದ ಊಟ ನಿಲ್ಲಿಸುವ ಹಾಗೇ ಇರಲಿಲ್ಲ. ಬಾಯಿಂದ ಏನೂ ಹೋಗದಿದ್ದರೆ ಪಿತ್ತ ಹರಿಯುವುದಿಲ್ಲ, ಯಕೃತ್ತು ಸೋಲುತ್ತದೆ. ಸೋಯಾ ಎಣ್ಣೆ ಹೆಚ್ಚು ದಿನ ಹೋದರೆ ಇನ್ನೂ ಬೇಗ. ಮೊದಲು ಕಣ್ಣು, ಆಮೇಲೆ ಮೈ, ಹಳದಿ ದಾಟಿ ಹಿತ್ತಾಳೆ ಬಣ್ಣಕ್ಕೆ ತಿರುಗಿತು. ಮಲ ಬೂದಿಯ ಹಾಗೆ. ಎಣ್ಣೆ ಕಡಿಮೆ ಮಾಡಿದರು, ಮೀನೆಣ್ಣೆ ಇರುವುದಕ್ಕೆ ಬದಲಿಸಿದರು, ಬಣ್ಣ ತುಸು ತಿಳಿಯಾಯಿತು. ಅಷ್ಟರಲ್ಲಿ ರಕ್ತಕ್ಕೆ ನಂಜು ಏರಿತು. ಹೃದಯದ ಬಾಗಿಲಿಗೆ ತಾಗಿಕೊಂಡ ಕೊಳವೆ, ಅದರೊಳಗೆ ಸಕ್ಕರೆ ಮತ್ತು ಎಣ್ಣೆ. ಕ್ರಿಮಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಆ ಮಗು ಉಳಿಯಲಿಲ್ಲ. ಅದರ ಅಪ್ಪ ಬೋಟಿಗೆ ಹೋಗುವವನು, ಮಾತು ಕಡಿಮೆ, ದಿನಾ ಮಧ್ಯಾಹ್ನ ಬಂದು ಕೈ ಮೊಣಕೈಯವರೆಗೂ ತಿಕ್ಕಿ ತೊಳೆದುಕೊಂಡು ನಿಲ್ಲುತ್ತಿದ್ದ. ನಮ್ಮಲ್ಲಿ ಕೆಲವರಿಗಿಂತ ಚೆನ್ನಾಗಿ ತೊಳೆಯುತ್ತಿದ್ದ. ಕೊಳವೆಯ ಬಾಯಿ ಬಿಚ್ಚುವ ಮುಂಚೆ ಸ್ಪಿರಿಟ್‌ನಲ್ಲಿ ಹದಿನೈದು ಸೆಕೆಂಡು ತಿಕ್ಕಬೇಕು ಎಂದು ಹೊಸ ನರ್ಸುಗಳಿಗೆ ಹೇಳುವಾಗ ನಾನು ಬೈಯುತ್ತೇನೆ ಎಂಬ ಹೆಸರು ಬಂದದ್ದು ಅದಾದ ಮೇಲೆ.

ಹಾಗಾದರೆ ಬಿಡಿಸುವುದು ಹೇಗೆ? ತಾಯಿಯ ಹಾಲಿನಿಂದ. ಬೇರೆ ದಾರಿ ಇದೆ, ಆದರೆ ಇಷ್ಟು ಸುರಕ್ಷಿತವಾದದ್ದು ಇಲ್ಲ. 29 ವಾರದ ಮಗುವಿಗೆ ಚೀಪಿ, ನುಂಗಿ, ಉಸಿರಾಡುವ ಮೂರೂ ಕೆಲಸ ಒಟ್ಟಿಗೆ ಬರುವುದಿಲ್ಲ. ಅದು 34 ವಾರದ ಆಸುಪಾಸಿಗೆ ಕೂಡಿಬರುವ ವಿದ್ಯೆ. ಹೊಟ್ಟೆಗೆ ತೆಳು ನಳಿಗೆ ಇಳಿಸಿ, ಎರಡು ಗಂಟೆಗೊಮ್ಮೆ ಒಂದು ಮಿಲಿ. ಹೊಟ್ಟೆ ತುಂಬಲಿ ಎಂದಲ್ಲ, ಕರುಳು ತನ್ನ ಕೆಲಸ ಮರೆಯಬಾರದು ಎಂದು. ತಡೆದರೆ ದಿನದಿಂದ ದಿನಕ್ಕೆ ಕೆಜಿಗೆ 20-30 ಮಿಲಿ ಏರಿಸುತ್ತಾ, ಅಷ್ಟಷ್ಟೇ ರಕ್ತನಾಳದ ಊಟ ಇಳಿಸುತ್ತಾ ಬರುತ್ತಾರೆ. ಹೊಟ್ಟೆ ಉಬ್ಬಿತು, ನಳಿಗೆಯಲ್ಲಿ ಹಸಿರು ಬಂತು ಎಂದರೆ ತಡೆಯುತ್ತಾರೆ. ಕೆಜಿಗೆ ದಿನಕ್ಕೆ 120 ಮಿಲಿಯ ಹತ್ತಿರ ಹಾಲು ಹೋಗತೊಡಗಿದರೆ ಲೈನ್ ತೆಗೆಯಬಹುದು.

ಇಲ್ಲಿ ನಮ್ಮ ಜಿಲ್ಲೆಯವರ ಕಷ್ಟ ಶುರು. ಇಷ್ಟು ಸಣ್ಣ ಮಗು ಹುಟ್ಟಿದರೆ ಕಾರವಾರದವರು ಗೋವಾ ಕಡೆ ನೋಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ಕುಮಟಾ ಹೊನ್ನಾವರ ಭಟ್ಕಳದವರು ಮಣಿಪಾಲ, ಮಂಗಳೂರಿಗೆ. ಮಗು ಅಲ್ಲಿ, ತಾಯಿ ಇಲ್ಲಿ. ಮಳೆಗಾಲದಲ್ಲಿ ಇನ್ನೊಂದು ಕತೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಇತ್ತಲಿನ ರೋಗಿ ಅತ್ತ, ಅತ್ತಲಿನವರು ಇತ್ತ ಹೋಗಲಾರದೆ ಸುತ್ತು ಹಾಕಿದ್ದನ್ನು ನೋಡಿದ್ದೇವೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ನಮ್ಮವರು ವರ್ಷಗಳಿಂದ ಕೂಗುವುದು ಹೃದಯಾಘಾತ, ಅಪಘಾತದ ಹೆಸರಿನಲ್ಲಿ. ಅದು ಸರಿಯೇ. ಆದರೆ ತಾಯಿ ಮಗು ಬೇರೆಯಾಗುವ ಲೆಕ್ಕವನ್ನೂ ಅದರಲ್ಲಿ ಸೇರಿಸಬೇಕು.

ಈ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಸಿಸೇರಿಯನ್ ಆದ ಮೊದಲ ದಿನವೇ ಅವಳ ಹಾಸಿಗೆ ಪಕ್ಕ ಕೂತು ಕೈಯಿಂದ ಹಾಲು ಹಿಂಡುವುದು ಹೇಳಿಕೊಟ್ಟೆ. ಹಳದಿಗಟ್ಟಿದ ಎರಡು ಹನಿ ಬಂತು. “ಇಷ್ಟೇನಾ ಅಕ್ಕಾ?” ಎಂದು ಅಳು. ಇಷ್ಟೇ ಬೇಕಾದ್ದು ಎಂದೆ, ಯಾಕೆಂದರೆ ಮಗುವಿಗೆ ಹೋಗಬೇಕಾದ್ದೂ ಹನಿ ಲೆಕ್ಕವೇ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮಗು ಬಾಯಿ ಹಾಕದಿದ್ದರೂ ಎದೆಗೆ ಮಗು ಇದೆ ಎಂದು ಅನಿಸುತ್ತಿರಬೇಕು, ಇಲ್ಲದಿದ್ದರೆ ಹಾಲು ಬತ್ತುತ್ತದೆ. ಸಿರಿಂಜಿನಲ್ಲಿ ಎಳೆದು, ಮುಚ್ಚಳ ಹಾಕಿ, ಹೆಸರು, ತಾರೀಕು, ಗಂಟೆ ಬರೆದು ಫ್ರಿಜ್ಜಿಗೆ. ಬೆಳಗಿನ ಮಂಗಳೂರು ಗಾಡಿಗೆ ಅವಳ ಮೈದುನ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೊರಡುವನು. ಡಬ್ಬಿ ಕೊಟ್ಟದ್ದು ನಾನೇ. ಕುಮಟಾದಲ್ಲಿ ಥರ್ಮಾಕೋಲ್ ಡಬ್ಬಿ ಅಂದರೆ ಎಲ್ಲರಿಗೂ ಒಂದೇ ವಾಸನೆ ನೆನಪಾಗುವುದು. ಇದು ಮೀನು ಕಾಣದ ಹೊಸ ಡಬ್ಬಿ ಎಂದು ಅವರ ಮನೆಯಲ್ಲಿ ಆಣೆ ಹಾಕಬೇಕಾಯಿತು. ಆದರೂ ರೈಲಿನಲ್ಲಿ ಯಾರೋ “ಬಂಗಡೆನಾ, ಇಶ್ವಾಣಾ?” ಎಂದು ಕೇಳಿದರಂತೆ.

ಅಮ್ಮಮ್ಮ ಈ ನಡುವೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ಒಂದು ಪುಟ್ಟ ಭರಣಿಯಲ್ಲಿ ಕೈಚೀಲಕ್ಕೆ ಹಾಕಿಕೊಂಡಿದ್ದರು. ನಾಲಿಗೆಗೆ ಸವರಲಿಕ್ಕೆ. ತಮ್ಮ ಮಕ್ಕಳಿಗೆಲ್ಲ ಸವರಿ ಬೆಳೆಸಿದವರು. ಇದಕ್ಕೆ ಮಾತ್ರ ನಾನು ಮೆತ್ತಗೆ ಮಾತಾಡಲಿಲ್ಲ. ವರ್ಷ ತುಂಬದ ಯಾವ ಮಗುವಿಗೂ ಜೇನು ಕೊಡಬಾರದು, ಬಾಟುಲಿಸಂ ಎಂಬ ಕಾಯಿಲೆ ತರುವ ಕ್ರಿಮಿಯ ಬೀಜ ಅದರಲ್ಲಿರಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕರುಳಂತೂ ಒದ್ದೆ ಕಾಗದದಷ್ಟು ಸೂಕ್ಷ್ಮ. ಸವರಲೇಬೇಕಿದ್ದರೆ ತಾಯಿಯ ಗಿಣ್ಣುಹಾಲನ್ನೇ ಹತ್ತಿಯಲ್ಲಿ ಅದ್ದಿ ಕೆನ್ನೆಯ ಒಳಗೆ ಸವರುತ್ತಾರೆ, ಸಿಸ್ಟರನ್ನು ಕೇಳಿ ಎಂದೆ. ಕೇಳಿದರು. ಸವರಿದರು. ಭರಣಿ ಶಿರಸಿಗೆ ವಾಪಸು ಹೋಯಿತು.

ಐದನೇ ದಿನಕ್ಕೆ ತಾಯಿಯೂ ಮಂಗಳೂರು ಸೇರಿದಳು. ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಳ್ಳಲು ಬಿಟ್ಟ ಮೇಲೆ ಹಾಲು ಹೆಚ್ಚಿತು, ಡಬ್ಬಿಗೆ ನಿವೃತ್ತಿ. ನಡುವೆ ಒಮ್ಮೆ ಹೊಟ್ಟೆ ಉಬ್ಬಿ ಒಂದು ದಿನ ಹಾಲು ನಿಲ್ಲಿಸಿದ್ದರು. ಆ ರಾತ್ರಿ ಅಪ್ಪ ಫೋನು ಇಡಲೇ ಇಲ್ಲ. ಎರಡು ವಾರ ಕಳೆಯುವ ಹೊತ್ತಿಗೆ ಲೈನ್ ತೆಗೆದರು. ಈಗ ತೂಕ 1,300 ದಾಟಿದೆ, ಊಟವೆಲ್ಲ ನಳಿಗೆಯಲ್ಲಿ. ಅಷ್ಟು ಸಣ್ಣ ಮಗುವಿಗೆ ತಾಯಿಯ ಹಾಲಿನ ಸುಣ್ಣ, ಪ್ರೋಟೀನ್ ಸಾಲದು ಎಂದು ಹಾಲಿಗೆ ಒಂದು ಪುಡಿ ಬೆರೆಸುತ್ತಾರೆ. ಮೊನ್ನೆ ಮತ್ತೆ ಫೋನು ಬಂತು. “ಆ ಪುಡಿ ಎಂತದ್ದು?” ಹಸುವಿನ ಹಾಲಿನದ್ದು ಎಂದೆ. “ಯಾವ ಹಸು? ಮಲೆನಾಡು ಗಿಡ್ಡ ಆದರೆ ಅಡ್ಡಿಲ್ಲ.”

ಮುಂದಿನ ವಾರ ಕಣ್ಣಿನ ಪರೀಕ್ಷೆ. ಹುಟ್ಟಿ ನಾಲ್ಕು ವಾರದೊಳಗೆ ರೆಟಿನಾ ನೋಡಲೇಬೇಕು, ಇದನ್ನು ತಪ್ಪಿಸಬೇಡಿ, ಆಸ್ಪತ್ರೆಯಿಂದ ಬಿಟ್ಟಿದ್ದರೂ ತಿರುಗಿ ಹೋಗಿ ಎಂದು ಅಪ್ಪನಿಗೆ ಹೇಳಿದ್ದೇನೆ. ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಫೋಟೊ ಕಳಿಸು ಎಂದಿದ್ದೆ. ಇನ್ನೂ ಕಳಿಸಿಲ್ಲ, ಸಂಜೆ ಕೇಳಬೇಕು.